ಹಬ್ಬಕ್ಕೆ ಊರಿಗೇ ಹೋಗಬೇಕೆ?

2024ರ ಈದುಲ್ ಫಿತ್ರ್ ಹಲವರಿಗೆ ನೆನಪಿರಬಹುದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಎಪ್ರಿಲ್ 10ರ ಬುಧವಾರವೇ ಪೆರ್ನಾಲ್. ರಾಜ್ಯದ ಉಳಿದ ಹೆಚ್ಚಿನ ಕಡೆ 11ರ ಗುರುವಾರ. ಕೇರಳದ ಕರಾವಳಿಯಲ್ಲಿ ಚಂದ್ರದರ್ಶನವಾದ್ದರಿಂದ ನಮ್ಮ ಊರಿನವರಿಗೆ 29 ಉಪವಾಸಕ್ಕೇ ಹಬ್ಬ ಬಂತು. ನಾವಿರುವ ಬಸವನ ಬಾಗೇವಾಡಿಯಲ್ಲಿ 30 ಪೂರ್ತಿಯಾಗಬೇಕಾಯಿತು. ಬುಧವಾರ ಬೆಳಿಗ್ಗೆ ಊರಿಂದ ವಿಡಿಯೊ ಕರೆ ಬಂದರೆ ಅಲ್ಲಿ ಹೊಸ ಬಟ್ಟೆ, ಅತ್ತರು, ಪತ್ತಿರ್‌ನ ಪರಿಮಳ. ಇಲ್ಲಿ ನಮಗೆ ಇನ್ನೂ ಉಪವಾಸ. ಘಟ್ಟದ ಮೇಲೆ ನೆಲೆಸಿದ ಎಷ್ಟೋ ಬ್ಯಾರಿ ಮನೆಗಳಲ್ಲಿ ಅವತ್ತು ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನಮ್ಮ ಪೆರ್ನಾಲ್ ಯಾವಾಗ?"

ಅದಕ್ಕೆ "ನಾಳೆ" ಎಂದು ಉತ್ತರ ಕೊಡುವುದು ಸುಲಭ. ಆದರೆ ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆಯೂ ಉಂಟು. "ನಮ್ಮ" ಪೆರ್ನಾಲ್ ಎಂಬುದೊಂದು ಇದೆಯಾ? ಅಥವಾ ಹಬ್ಬ ಎಂಬುದು ಅಜ್ಜಿ ಮನೆಯಲ್ಲಿ ಮಾತ್ರ ನಡೆಯುವಂಥದ್ದು, ಇಲ್ಲಿ ನಡೆಯುವುದು ಅದರ ನೆರಳು ಮಾತ್ರವಾ? ಈ ವಾರ ಆ ವಿಷಯವನ್ನು ಬಿಚ್ಚಿ ಮಾತಾಡುವ ಎಂದು ನಮಗೆ ಅನಿಸಿತು.

ಅಂಗಡಿ, ಹೊಟೇಲು, ನೌಕರಿ ಎಂದು ಘಟ್ಟ ಹತ್ತಿದವರ ಮನೆಗಳಲ್ಲಿ ಹಬ್ಬ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕಳೆಯುತ್ತದೆ. ಒಂದೋ, ಹೇಗಾದರೂ ಮಾಡಿ ಊರಿಗೆ ಓಡುವುದು. ಬಾಗೇವಾಡಿಯಿಂದ ಮಂಗಳೂರಿಗೆ ಸುಮಾರು 500 ಕಿ.ಮೀ. ದಾರಿ. ಬಸ್ಸಾದರೂ ರೈಲಾದರೂ ಒಂದು ರಾತ್ರಿ ಪೂರ್ತಿ ಹೋಗ್ತದೆ. ಉಪವಾಸದಲ್ಲೇ ಸಾಮಾನು ಕಟ್ಟಬೇಕು, ಸಣ್ಣ ಮಗುವಿಗೆ ಘಾಟಿಯಲ್ಲಿ ವಾಂತಿ, ಊರಿಗೆ ಮುಟ್ಟಿದ ಮರುದಿನ ಹಬ್ಬ, ಅದರ ಮರುದಿನ ವಾಪಸು. ಇಲ್ಲವೋ, ರಜೆ ಸಿಗದೆ ಇಲ್ಲಿಯೇ ಉಳಿಯುವುದು. ಉಳಿದರೆ ನಮಾಝ್ ಮುಗಿಸಿ ಬಂದು ಒಂದು ಬಿರಿಯಾನಿ, ಆಮೇಲೆ ಊರಿನ ಫೋಟೋಗಳನ್ನು ನೋಡುತ್ತಾ ಮಧ್ಯಾಹ್ನದ ನಿದ್ದೆ. ಮಕ್ಕಳ ಕೈಗೆ ಮೊಬೈಲು. ಸಂಜೆಯಾಗುವಾಗ "ಹಬ್ಬ ಮುಗಿಯಿತಾ?" ಎಂದು ಅವರೇ ಕೇಳ್ತಾರೆ.

ಊರಿಗೆ ಹೋಗುವುದು ತಪ್ಪಲ್ಲ. ಹೋಗಬೇಕು. ಆದರೆ ನಾಲ್ಕು ವರ್ಷದ, ಆರು ವರ್ಷದ ಮಗುವಿಗೆ ಅದರಲ್ಲಿ ಸಿಗುವ ಪಾಠ ಏನು? ತಾನು ವರ್ಷದ 360 ದಿನ ಬದುಕುವ ಮನೆ, ಆಡುವ ಓಣಿ, ಓದುವ ಮದ್ರಸ, ಇದೆಲ್ಲ ಹಬ್ಬಕ್ಕೆ ಯೋಗ್ಯವಲ್ಲದ ಜಾಗ ಎಂಬ ಪಾಠ. ನಾಳೆ ದೊಡ್ಡವರಾಗಿ ಬೆಂಗಳೂರಿಗೋ ದುಬೈಗೋ ಹೋದಾಗ ಆ ಮಕ್ಕಳ ಕೈಯಲ್ಲಿ ತಾವೇ ಮಾಡಿ ಗೊತ್ತಿರುವ ಹಬ್ಬ ಇರುವುದಿಲ್ಲ. ಅಜ್ಜಿ ಇರುವ ತನಕ ಹಬ್ಬ. ಅಜ್ಜಿ ಹೋದ ಮೇಲೆ ಒಂದು ದಿನದ ರಜೆ. ನಮ್ಮ ಹೆದರಿಕೆ ಇದೇ.

ಹಾಗಾಗಿ ನಮ್ಮ ಅಭಿಪ್ರಾಯ ನೇರ ಹೇಳುತ್ತೇವೆ. ಸಣ್ಣ ಮಕ್ಕಳಿರುವ ಪ್ರತಿಯೊಂದು ಮನೆ, ಎಲ್ಲೇ ಇರಲಿ, ಹಬ್ಬಕ್ಕೆ ತನ್ನದೇ ಆದ ಮೂರ್ನಾಲ್ಕು ರೂಢಿ ಮಾಡಿಕೊಳ್ಳಬೇಕು. ದುಡ್ಡು ಬೇಡುವಂಥದ್ದಲ್ಲ, ಮಕ್ಕಳ ಕೈಗೆ ಕೆಲಸ ಕೊಡುವಂಥದ್ದು. ಪ್ರತಿ ವರ್ಷ ಅದೇ ದಿನ, ಅದೇ ರೀತಿ.

ಇದಕ್ಕೆ ಮೊದಲ ದಾರಿ ದೀನಿನಲ್ಲೇ ಉಂಟು. ಫಿತ್ರ್ ಝಕಾತನ್ನೇ ತೆಗೆದುಕೊಳ್ಳಿ. ನಾವು ಬ್ಯಾರಿಗಳು ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ನಮ್ಮ ಮದ್‌ಹಬ್ ಪ್ರಕಾರ ರಮಝಾನಿನ ಕೊನೆಯ ಸೂರ್ಯಾಸ್ತಕ್ಕೆ ನಾವು ಯಾವ ಊರಿನಲ್ಲಿದ್ದೇವೆಯೋ ಆ ಊರಿನ ಹಕ್ಕುದಾರರಿಗೆ, ಆ ಊರಿನವರು ಹೆಚ್ಚಾಗಿ ಉಣ್ಣುವ ಧಾನ್ಯವನ್ನು ಕೊಡಬೇಕು. ಕರಾವಳಿಯಲ್ಲಿ ಅಕ್ಕಿ ಕೊಡುವುದು ಅದಕ್ಕೇ. ಅಲ್ಲಿನವರ ಅನ್ನ ಅದು. ವಿಜಯಪುರ ಜಿಲ್ಲೆಯಲ್ಲಿ ಜನರ ಹೊಟ್ಟೆ ತುಂಬಿಸುವುದು ಬಿಳಿಜೋಳ. ಎರೆ ಭೂಮಿಯ ಜೋಳದ ರೊಟ್ಟಿ ಇಲ್ಲದೆ ಇಲ್ಲಿ ಊಟವೇ ಇಲ್ಲ. ಅಂದರೆ ನೀನು ಎಲ್ಲಿದ್ದೀಯೋ ಅಲ್ಲಿಯ ಬಡವನನ್ನು ನೋಡು, ಅವನು ಏನು ಉಣ್ಣುತ್ತಾನೋ ಅದನ್ನು ಕೊಡು ಎಂದು ಹಬ್ಬದ ಬಾಗಿಲಲ್ಲೇ ನಮಗೆ ಹೇಳಿದ ಹಾಗಾಯಿತು. ಊರಿಂದ ದೂರ ಇರುವವನ ಹಬ್ಬ ಅರ್ಧ ಎಂದು ಎಲ್ಲಿಯೂ ಹೇಳಿಲ್ಲ.

ಈ ಫಿತ್ರನ್ನು ಮಕ್ಕಳ ಎದುರೇ ಅಳೆಯುವುದು ನಮ್ಮ ಮನೆಯ ಮೊದಲ ರೂಢಿ. ಒಂದು ಸ್ವಾಅ್ ಎಂದರೆ ನಾಲ್ಕು ಮುದ್ದ್. ಒಂದು ಮುದ್ದ್ ಎಂದರೆ ದೊಡ್ಡವರ ಒಂದು ಬೊಗಸೆ. ಕೊನೆಯ ಉಪವಾಸದ ದಿನ ನಡುಮನೆಯಲ್ಲಿ ಬಟ್ಟೆ ಹಾಸಿ, ಮನೆಯ ಒಬ್ಬೊಬ್ಬರ ಹೆಸರಿಗೂ ನಾಲ್ಕು ನಾಲ್ಕು ಬೊಗಸೆ ಜೋಳ. ಇದು ಉಮ್ಮನದ್ದು, ಇದು ಅಣ್ಣನದ್ದು, ಇದು ತೊಟ್ಟಿಲಿನ ಮಗುವಿನದ್ದು. ಹಾಲು ಕುಡಿಯುವ ಮಗುವಿನ ಹೆಸರಲ್ಲೂ ಕೊಡಬೇಕು ಎಂದು ಗೊತ್ತಾದಾಗ ಮಕ್ಕಳಿಗೆ ಆಗುವ ಆಶ್ಚರ್ಯ ನೋಡಬೇಕು. ಬೊಗಸೆ ಹೆಚ್ಚುಕಡಿಮೆಯಾಗುವುದರಿಂದ ಆಮೇಲೆ ತಕ್ಕಡಿಯಲ್ಲೂ ತೂಗಿ, ಉಸ್ತಾದರು ಹೇಳಿದ ಲೆಕ್ಕಕ್ಕೆ ಸ್ವಲ್ಪ ಹೆಚ್ಚೇ ಹಾಕುತ್ತೇವೆ. ಈದ್ ನಮಾಝಿಗೆ ಮೊದಲೇ ಅದು ಮುಟ್ಟಬೇಕಾದಲ್ಲಿಗೆ ಮುಟ್ಟಬೇಕು. ಹನಫಿ ಮದ್‌ಹಬ್‌ನಲ್ಲಿ ಅದರ ಬೆಲೆಯನ್ನು ಹಣವಾಗಿ ಕೊಡಲಿಕ್ಕೂ ಅವಕಾಶ ಉಂಟು, ಇಲ್ಲಿನ ಬಹಳ ಮನೆಯವರು ಹಾಗೆ ಕೊಡ್ತಾರೆ. ಅದೂ ಸರಿ ಎಂದು ಮಕ್ಕಳಿಗೆ ಹೇಳಿಕೊಡಬೇಕು. ಆದರೆ ಮೊಬೈಲಿನಲ್ಲಿ ಹಣ ಕಳುಹಿಸಿದರೆ ಮಗುವಿಗೆ ಏನೂ ಕಾಣುವುದಿಲ್ಲ. ಬೊಗಸೆಯಿಂದ ಜೋಳ ಜಾರಿ ಬೀಳುವುದು ಕಾಣ್ತದೆ, ಕೇಳ್ತದೆ.

ಕೈಯಲ್ಲಿ ಮಾಡಿದ್ದು ಮರೆಯುವುದಿಲ್ಲ ಎಂಬುದಕ್ಕೆ ನಮ್ಮ ಓಣಿಯಲ್ಲೇ ಸಾಕ್ಷಿ ಉಂಟು. ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಈ ಭಾಗದ ರೈತರ ಮನೆಗಳಲ್ಲಿ ಮಣ್ಣಿನ ಎತ್ತು ಮಾಡ್ತಾರೆ. ದೊಡ್ಡವರು ಒಂದು ಜೋಡಿ ಮಾಡಿದರೆ ಮಕ್ಕಳು ನಾಲ್ಕು ಮಾಡ್ತಾರೆ. ಒಂದಕ್ಕೆ ಕೋಡು ದೊಡ್ಡದು, ಇನ್ನೊಂದಕ್ಕೆ ಕಾಲು ಮೂರೇ! ಯಾರೂ ಬೈಯುವುದಿಲ್ಲ. ಅದು ಅವರ ನಂಬಿಕೆ, ಅವರ ಹಬ್ಬ, ನಮ್ಮದು ಬೇರೆ. ಆದರೆ ಮಕ್ಕಳನ್ನು ಹಬ್ಬದೊಳಗೆ ಸೇರಿಸುವ ರೀತಿಯಲ್ಲಿ ನಾವು ಕಲಿಯುವಂಥದ್ದು ಉಂಟು. ನಮ್ಮ ಮನೆಗಳಲ್ಲಿ ಹಬ್ಬದ ದಿನ ಮಕ್ಕಳಿಗೆ ಹೆಚ್ಚಾಗಿ ಸಿಗುವ ಆಜ್ಞೆ ಯಾವುದು? "ಬಟ್ಟೆ ಕೊಳೆ ಮಾಡ್ಬೇಡ, ಅಡುಗೆ ಮನೆಗೆ ಬರ್ಬೇಡ, ಅಲ್ಲಿ ಸುಮ್ಮನೆ ಕೂತ್ಕೋ." ಕೂತವನಿಗೆ ಹಬ್ಬ ಎಲ್ಲಿಂದ ಬರಬೇಕು?

ಎರಡನೆಯದು ಅಡುಗೆ. ಹಬ್ಬದ ಬೆಳಿಗ್ಗೆ ನಮ್ಮಲ್ಲಿ ಎರಡೇ ಪದಾರ್ಥ ಕಡ್ಡಾಯ. ಒಂದು ಕರಾವಳಿಯದ್ದು, ಇನ್ನೊಂದು ಇಲ್ಲಿಯದ್ದು. ಕರಾವಳಿಯದ್ದು ಪತ್ತಿರ್. ಅದಕ್ಕೆ ಬೇಕಾದ ಅಕ್ಕಿಯನ್ನು ಊರಿಂದ ಬರುವಾಗಲೇ ತಂದಿಟ್ಟುಕೊಳ್ಳುತ್ತೇವೆ. ತೆಂಗಿನಕಾಯಿಗೆ ಇಲ್ಲಿ ಊರಿನಂತೆ ಹಿತ್ತಲಿಗೆ ಹೋದರೆ ಆಗುವುದಿಲ್ಲ, ದುಡ್ಡು ಕೊಡಬೇಕು. ಆದರೂ ಹಬ್ಬಕ್ಕೆ ತೆಂಗಿನಹಾಲು ಬೇಕೇ ಬೇಕು. ಇಲ್ಲಿಯದ್ದು ಸುರಕುಂಬಾ. ಹಾಲು, ಶಾವಿಗೆ, ಖರ್ಜೂರ, ಗೋಡಂಬಿ. ಪಕ್ಕದ ಮನೆಯವರಿಂದ ಕಲಿತದ್ದು. ಪತ್ತಿರ್‌ನ ಉಂಡೆ ಮಾಡುವುದು ಮಕ್ಕಳ ಕೆಲಸ, ಖರ್ಜೂರದ ಬೀಜ ತೆಗೆಯುವುದೂ ಅವರದ್ದೇ. ಉಂಡೆ ದೊಡ್ಡದು ಚಿಕ್ಕದು ಆಗ್ತದೆ, ಅಡುಗೆ ಅರ್ಧ ಗಂಟೆ ತಡವಾಗ್ತದೆ. ಆಗಲಿ ಬಿಡಿ. ಜೋಳದ ರೊಟ್ಟಿ ಬಡಿದು ಪಳಗಿದ ಇಲ್ಲಿನ ಅಕ್ಕಂದಿರು ಪತ್ತಿರ್ ತಟ್ಟಲು ಕೂತರೆ ನಮಗಿಂತ ತೆಳ್ಳಗೆ ತಟ್ಟುತ್ತಾರೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಮೂರನೆಯದು ದಾರಿ. ಈದ್ ನಮಾಝಿಗೆ ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಬರುವುದು ಸುನ್ನತ್ ಎಂದು ನಮಗೆಲ್ಲ ಗೊತ್ತು. ಆದರೆ ಬೈಕಿನಲ್ಲಿ ಭರ್ರನೆ ಹೋಗಿ ಭರ್ರನೆ ಬರುವಾಗ ಮಕ್ಕಳಿಗೆ ಅದು ಗೊತ್ತಾಗುವುದೇ ಇಲ್ಲ. ನಾವು ನಡೆದು ಹೋಗುತ್ತೇವೆ. ಹೋಗುವಾಗ ತಕ್ಬೀರ್ ಹೇಳುತ್ತಾ ಪೇಟೆ ರಸ್ತೆ, ಬರುವಾಗ ಮನೆಗಳ ಓಣಿ. ಬರುವ ದಾರಿಯನ್ನು ಆರಿಸುವ ಅಧಿಕಾರ ಮನೆಯ ಅತಿ ಸಣ್ಣ ಮಗುವಿಗೆ. ಆ ದಾರಿಯಲ್ಲಿ ಸಿಕ್ಕವರಿಗೆಲ್ಲ ಸಲಾಂ, ಕೈ ಕೊಡುವುದು, ಕಟ್ಟೆಯ ಮೇಲೆ ಕೂತ ಹಿರಿಯರ ಹತ್ತಿರ ಎರಡು ಮಾತು. "ಏನ್ರಿ, ಈ ಸಲ ಹಬ್ಬಕ್ಕ ಊರಿಗೆ ಹೋಗಲಿಲ್ಲೇನ್ರಿ?" ಎಂದು ಅವರು ಕೇಳ್ತಾರೆ. "ಇಲ್ಲರಿ, ಈ ಸಲ ಹಬ್ಬ ಇಲ್ಲೇ" ಎಂದು ಮಕ್ಕಳು ಬಾಗೇವಾಡಿಯ ಕನ್ನಡದಲ್ಲೇ ಉತ್ತರ ಕೊಡ್ತಾರೆ. ಬಸವಣ್ಣನವರು ಹುಟ್ಟಿದ ಊರು ಇದು. ಶ್ರಾವಣದ ಜಾತ್ರೆಗೆ ನಮ್ಮ ಅಂಗಡಿಗಳ ಎದುರಿನಿಂದಲೇ ಜನಸಾಗರ ಹೋಗ್ತದೆ. ಆಗ ನಾವು ಅವರ ಸಂತೋಷ ನೋಡಿದ ಹಾಗೆ ಹಬ್ಬದ ದಿನ ಅವರು ನಮ್ಮ ಮಕ್ಕಳ ಸಂತೋಷ ನೋಡಲಿ. ಮನೆ ಬೀಗ ಹಾಕಿ ಹೋದರೆ ಅದು ಹೇಗೆ ಆಗ್ತದೆ?

ಮಕ್ಕಳೊಟ್ಟಿಗೆ ಇಲ್ಲಿ ಈದ್ ನಮಾಝ್ ಮಾಡುವಾಗ ಒಂದು ಪ್ರಶ್ನೆಗೆ ತಯಾರಾಗಿರಬೇಕು. ಊರಿನಲ್ಲಿ ಮೊದಲ ರಕಅತ್‌ನಲ್ಲಿ ಏಳು, ಎರಡನೆಯದರಲ್ಲಿ ಐದು ಹೆಚ್ಚುವರಿ ತಕ್ಬೀರ್ ಎಂದು ಮದ್ರಸದಲ್ಲಿ ಕಲಿತಿರ್ತಾರೆ. ಇಲ್ಲಿ ಹನಫಿ ಜಮಾಅತ್‌ನಲ್ಲಿ ಮೂರು ಮತ್ತು ಮೂರು, ಅದೂ ಎರಡನೇ ರಕಅತ್‌ನಲ್ಲಿ ಕಿರಾಅತ್ ಮುಗಿದ ಮೇಲೆ. ಲೆಕ್ಕ ಹಾಕುವ ಮಗು ಮನೆಗೆ ಬಂದು "ಇಮಾಮರಿಗೆ ತಪ್ಪಿತು" ಎನ್ನಬಹುದು! ಆಗ ನಗಬೇಡಿ, ಬೈಯಲೂ ಬೇಡಿ. ಇಮಾಂ ಶಾಫಿಈ, ಇಮಾಂ ಅಬೂ ಹನೀಫಾ ಇಬ್ಬರೂ ನಮ್ಮ ಹಿರಿಯರು, ಇಬ್ಬರ ದಾರಿಯೂ ಸರಿ ಎಂದು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಹಬ್ಬದ ಹಿಂದಿನ ರಾತ್ರಿಯೇ ಮಕ್ಕಳನ್ನು ಕೂರಿಸಿ ಎರಡು ರೀತಿಯನ್ನೂ ಮಾಡಿ ತೋರಿಸಿ. ಇದೂ ಒಂದು ರೂಢಿಯೇ ಆಗ್ತದೆ. ನಾಳೆ ಯಾವ ಊರಿನ ಮಸೀದಿಗೆ ಹೋದರೂ ಆ ಮಗು ಸಫ್‌ನಲ್ಲಿ ಗಲಿಬಿಲಿಯಾಗುವುದಿಲ್ಲ, ಇನ್ನೊಬ್ಬರನ್ನು ಕೀಳಾಗಿ ನೋಡುವುದೂ ಇಲ್ಲ.

ನಾಲ್ಕನೆಯದು ನಮ್ಮ ಭಾಷೆ. ಇಲ್ಲಿ ಮಕ್ಕಳ ಕಿವಿಗೆ ಶಾಲೆಯಲ್ಲಿ ಕನ್ನಡ, ಇಂಗ್ಲಿಷು, ಓಣಿಯಲ್ಲಿ ಬಿಜಾಪುರದ ಕನ್ನಡ, ಮಸೀದಿಯ ಅಂಗಳದಲ್ಲಿ ದಖನಿ ಉರ್ದು ಬೀಳ್ತದೆ. ಬ್ಯಾರಿ ಭಾಷೆ ಮನೆಯೊಳಗೆ ಮಾತ್ರ. ಅದೂ ಬರಬರುತ್ತಾ ದೊಡ್ಡವರು ಬ್ಯಾರಿಯಲ್ಲಿ ಕೇಳಿದರೆ ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುವ ಮಟ್ಟಕ್ಕೆ ಬಂದು ನಿಂತಿದೆ. 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು. 2011ರ 'ಬ್ಯಾರಿ' ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಸಂತೋಷ. ಆದರೆ ಅಕಾಡೆಮಿಗೆ ನಮ್ಮ ಮನೆಯ ಮಗುವಿನ ಬಾಯಿಗೆ ಭಾಷೆ ತುರುಕಲಿಕ್ಕೆ ಆಗುವುದಿಲ್ಲ. ಅದು ಮನೆಯವರ ಕೆಲಸ. ಹಬ್ಬದ ಹಿಂದಿನ ರಾತ್ರಿ, ಮದರಂಗಿ ಹಚ್ಚಿ ಕೈ ಒಣಗುವ ತನಕ ಮಕ್ಕಳು ಓಡಾಡದೆ ಕೂತಿರುವ ಆ ಒಂದು ಗಂಟೆಯಲ್ಲಿ ಊರಿನ ಅಜ್ಜಿಗೆ ಕರೆ. ಶರ್ತ ಒಂದೇ: ಆ ಕರೆಯಲ್ಲಿ ಬ್ಯಾರಿ ಬಿಟ್ಟು ಬೇರೆ ಭಾಷೆ ಇಲ್ಲ. ಪ್ರತಿ ಮಗುವೂ ಅಜ್ಜಿಗೆ ಒಂದು ಪ್ರಶ್ನೆ ಕೇಳಬೇಕು. ನಿಮ್ಮ ಕಾಲದಲ್ಲಿ ಹಬ್ಬಕ್ಕೆ ಬಟ್ಟೆ ಯಾರು ಹೊಲಿಯುತ್ತಿದ್ದರು? ಚಂದ್ರ ಕಂಡ ಸುದ್ದಿ ಹೇಗೆ ಗೊತ್ತಾಗುತ್ತಿತ್ತು? ಪಿಂಡಿ ಎಷ್ಟು ಮಾಡುತ್ತಿದ್ದಿರಿ? ಅಜ್ಜಿ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಹತ್ತು ರಾತ್ರಿಯ ಮಾತು ಸೇರ್ತದೆ. ಯಾವ ಬಟ್ಟೆ ಅಂಗಡಿಯಲ್ಲೂ ಅದು ಸಿಗುವುದಿಲ್ಲ.

ಇನ್ನು ಎರಡನೇ ದಿನ. ಊರಲ್ಲಾದರೆ ಹಬ್ಬದ ಮರುದಿನ ಮಕ್ಕಳಿಗೆ ಕಡಲು ಇದ್ದದ್ದೇ. ಇಲ್ಲಿ ಕಡಲಿಲ್ಲ, ಕೃಷ್ಣೆ ಇದ್ದಾಳೆ. ಬುತ್ತಿ ಕಟ್ಟಿಕೊಂಡು ಆಲಮಟ್ಟಿಗೆ ಹೋದರೆ ಅಣೆಕಟ್ಟು, ಉದ್ಯಾನ, ಮಕ್ಕಳಿಗೆ ಓಡಲು ಜಾಗ. ಬುತ್ತಿಯಲ್ಲಿ ಹಿಂದಿನ ದಿನದ ಪತ್ತಿರ್ ಇದ್ದರೂ ಸಾಕು. ಅಲ್ಲಿಗೆ ಹೋಗಲು ಆಗದಿದ್ದರೆ ಗೆಳೆಯರ ಹೊಲ ಉಂಟು, ಬೇವಿನ ಮರದ ನೆರಳುಂಟು. ಎಲ್ಲಿಗೆ ಎಂಬುದು ಮುಖ್ಯವಲ್ಲ. ಹಬ್ಬದ ಮರುದಿನ ನಮ್ಮ ಮನೆಯವರು ಒಟ್ಟಿಗೆ ಹೊರಗೆ ಉಣ್ಣುತ್ತಾರೆ ಎಂದು ಮಗು ಎದೆ ತಟ್ಟಿ ಹೇಳಿಕೊಳ್ಳುವಂತಾದರೆ ಸಾಕು.

ಈ ಮಾತಿಗೆ ಬರುವ ಆಕ್ಷೇಪಗಳು ನಮಗೆ ಗೊತ್ತಿವೆ. ಮೊದಲನೆಯದು ಹಿರಿಯರದ್ದು. "ಹಬ್ಬಕ್ಕೂ ಬಾರದಿದ್ದರೆ ನೀವು ಮತ್ತೆ ಯಾವಾಗ ಬರುವುದು?" ಇದರಲ್ಲಿ ನೋವುಂಟು, ನ್ಯಾಯವೂ ಉಂಟು. ಕುಟುಂಬ ಸಂಬಂಧ ಜೋಡಿಸುವುದು ನಮ್ಮ ಮೇಲಿರುವ ಬಾಧ್ಯತೆ, ಅದನ್ನು ಕಡಿಯಲು ನಾವು ಹೇಳುತ್ತಿಲ್ಲ. ನಮ್ಮ ಸಲಹೆ ಇಷ್ಟೆ: ವರ್ಷಕ್ಕೆ ಎರಡು ಪೆರ್ನಾಲ್ ಉಂಟಲ್ಲ, ಒಂದು ಅಲ್ಲಿ, ಒಂದು ಇಲ್ಲಿ. ಈದುಲ್ ಫಿತ್ರ್ ಇಲ್ಲಿಯಾದರೆ ಬಕ್ರೀದ್ ಊರಿನಲ್ಲಿ. ಮೊದಲೇ ತೀರ್ಮಾನ ಮಾಡಿ ಹಿರಿಯರಿಗೆ ತಿಳಿಸಿ. ಕೊನೆಯ ಗಳಿಗೆಯಲ್ಲಿ "ರಜೆ ಸಿಗಲಿಲ್ಲ" ಎಂದು ಕರೆ ಮಾಡಿದಾಗ ಆಗುವ ಬೇಸರ ಮೊದಲೇ ಹೇಳಿದರೆ ಆಗುವುದಿಲ್ಲ. ಇನ್ನೊಂದು ಮಾತು. ಊರಿಗೆ ಹೋಗುವುದು ಹಬ್ಬಕ್ಕೆ ಮಾತ್ರ ಎಂದಾದರೆ, ಮನೆ ತುಂಬ ಜನ ಇರುವ ಆ ಎರಡು ದಿನ ಅಜ್ಜಿಯೊಟ್ಟಿಗೆ ಹತ್ತು ನಿಮಿಷ ಕೂರಲೂ ಆಗುವುದಿಲ್ಲ. ಬೇಸಿಗೆ ರಜೆಯಲ್ಲಿ ಒಂದು ವಾರ ಹೋಗಿ ನಿಂತರೆ ಅಜ್ಜಿಗೂ ಸುಖ, ಮಕ್ಕಳಿಗೂ ಸುಖ.

ಎರಡನೆಯ ಆಕ್ಷೇಪ, "ಇದೆಲ್ಲ ಹೊಸತು ಹುಟ್ಟಿಸುವುದಲ್ಲವಾ?" ಇಬಾದತ್ತಿನಲ್ಲಿ ಹೊಸತು ಸೇರಿಸುವ ಅಧಿಕಾರ ನಮಗಿಲ್ಲ, ಬೇಡವೂ ಬೇಡ. ನಮಾಝ್, ಫಿತ್ರ್, ತಕ್ಬೀರ್ ಇವು ಇದ್ದ ಹಾಗೆಯೇ. ನಾವು ಹೇಳುವುದು ಮನೆಯ ರೂಢಿಯ ಮಾತು. ಯಾರು ಉಂಡೆ ಮಾಡಬೇಕು, ಯಾವ ಓಣಿಯಲ್ಲಿ ವಾಪಸು ಬರಬೇಕು, ಯಾರಿಗೆ ಕರೆ ಮಾಡಬೇಕು ಎಂಬಂಥದ್ದು. ಈ ವ್ಯತ್ಯಾಸವನ್ನು ಮಕ್ಕಳಿಗೂ ಹೇಳಿಕೊಡಬೇಕು. ಪತ್ತಿರ್ ಮಾಡದಿದ್ದರೆ ಪಾಪವಿಲ್ಲ, ಫಿತ್ರ್ ಕೊಡದಿದ್ದರೆ ಉಂಟು.

ಮೂರನೆಯದು ಆಕ್ಷೇಪವಲ್ಲ, ಎಚ್ಚರಿಕೆ. ಈ ರೂಢಿಗಳೆಲ್ಲ ಮನೆಯ ಹೆಂಗಸರ ತಲೆಗೆ ಕಟ್ಟುವ ಇನ್ನೊಂದು ಹೊರೆ ಆಗಬಾರದು. ಈಗಲೇ ಹಬ್ಬ ಎಂದರೆ ಉಮ್ಮನಿಗೆ ಒಲೆ, ಬಾಪನಿಗೆ ಒರಗುದಿಂಬು ಎಂಬಂತಾಗಿದೆ. ಖರ್ಜೂರದ ಬೀಜ ತೆಗೆಯಲು ಮಕ್ಕಳೊಟ್ಟಿಗೆ ಗಂಡಸರೂ ಕೂರಲಿ. ಪಾತ್ರೆ ತೊಳೆಯಲಿ. ತಂದೆ ಮಾಡುವುದನ್ನು ನೋಡಿದ ಗಂಡು ಮಗು ನಾಳೆ ತಾನೂ ಮಾಡ್ತಾನೆ. ಹಾಗೆಯೇ ಇದು ಫೋಟೋ ಹಾಕುವ ಪೈಪೋಟಿಯೂ ಆಗಬಾರದು. ಒಬ್ಬರ ಮನೆಯಲ್ಲಿ ಬಣ್ಣದ ದೀಪ ಕಟ್ಟಿದರೆಂದು ಇನ್ನೊಬ್ಬರು ಸಾಲ ಮಾಡಿ ಕಟ್ಟುವಂತಾದರೆ ನಾವು ಹೇಳಿದ್ದೆಲ್ಲ ದಂಡ. ಬೊಗಸೆ ಜೋಳಕ್ಕೆ, ನಡೆದು ಹೋಗುವುದಕ್ಕೆ, ಅಜ್ಜಿಗೆ ಕರೆ ಮಾಡುವುದಕ್ಕೆ ಖರ್ಚು ಎಷ್ಟು? ಈ ವರ್ಷ ಒಂದರಿಂದ ಶುರು ಮಾಡಿ. ಅದು ನಿಂತರೆ ಮುಂದಿನ ವರ್ಷ ಇನ್ನೊಂದು. ಮಕ್ಕಳೇ "ಅದು ಮಾಡಲಿಲ್ಲವಲ್ಲ!" ಎಂದು ನೆನಪಿಸುವ ದಿನ ಬಂದರೆ ಅದು ರೂಢಿಯಾಯಿತು ಎಂದು ಲೆಕ್ಕ.

ಕೊನೆಯದಾಗಿ ಮಂಗಳೂರು, ಬಂಟ್ವಾಳ, ಉಳ್ಳಾಲ, ಪುತ್ತೂರಿನಲ್ಲಿ ಈ ಪುಟ ಓದುತ್ತಿರುವ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಮಗನೋ ಮಗಳೋ ಘಟ್ಟದ ಮೇಲೆ ಸಂಸಾರ ಮಾಡಿಕೊಂಡಿದ್ದರೆ, ಒಂದು ವರ್ಷ ಅವರನ್ನು ಕರೆಯುವ ಬದಲು ನೀವೇ ಹೊರಟು ಬನ್ನಿ. ಆರೋಗ್ಯ ಇದ್ದರೆ, ಪ್ರಯಾಣ ಆಗುತ್ತದೆ ಎಂದಾದರೆ, ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬನ್ನಿ. ವಿಜಯಪುರದ ಗೋಲಗುಮ್ಮಟ ಇಲ್ಲಿಂದ ಸುಮಾರು 40 ಕಿ.ಮೀ., ಆದಿಲ್‌ಶಾಹಿಗಳ ಜಾಮಿಯ ಮಸೀದಿಯೂ ಅಲ್ಲೇ ಉಂಟು. ಮೊಮ್ಮಕ್ಕಳ ಕೈ ಹಿಡಿದು ನೋಡಿ. ಅವರ ಓಣಿಯಲ್ಲಿ ನಡೆಯಿರಿ, ಅವರ ಗೆಳೆಯರ ಹೆಸರು ಕೇಳಿ, ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ತಿನ್ನಿ. ಪತ್ತಿರ್‌ಗೆ ಬೇಕಾದ ಅಕ್ಕಿ ಮಾತ್ರ ಮರೆಯದೆ ತನ್ನಿ. ಚಂದ್ರ ಅಲ್ಲಿ ಒಂದು ದಿನ ಮೊದಲು ಕಂಡರೂ ಅಡ್ಡಿಯಿಲ್ಲ, ಇಲ್ಲಿ ಕಾಣುವ ತನಕ ಮೊಮ್ಮಕ್ಕಳೊಟ್ಟಿಗೆ ಇನ್ನೂ ಒಂದು ದಿನ ಸಿಕ್ಕಿತು ಎಂದುಕೊಳ್ಳಿ.